ವೃದ್ಧಾಶ್ರಮವೂ ಆಯುಷ್ಯವೂ

(ಆಕಾಶವಾಣಿ ಭಾಷಣ)



ಇಂದಿನ ಮಾತನ್ನು ನಾನು ಒಂದು ಸಾವಿನ ಮನೆಯಿಂದ ಆರಂಭಿಸಬೇಕಾಗಿದೆ. ಅದಕ್ಕಾಗಿ ನಿಮ್ಮ ಕ್ಷಮೆಯನ್ನು ಮೊದಲೇ ಬೇಡುತ್ತೇನೆ. 2017ರ ಜನವರಿಯ ಕೊನೆಯ ವಾರ. ಅಣ್ಣಿಗೇರಿಯಿಂದ ಎರಡು ಹರಿದಾರಿ ದೂರದಲ್ಲಿರುವ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ನಾನು ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆ. ನನ್ನ ದೊಡ್ಡವ್ವ ತೀರಿಕೊಂಡು ಮೂರು ದಿನಗಳಾಗಿದ್ದವು. ಒಳಗೆ ಜೋಳ ಹಸನು ಮಾಡುತ್ತಿದ್ದ ಹೆಂಗಸರ ನಡುವಿನಿಂದ ಒಂದು ಮಾತು, ನನಗೆ ಕೇಳಲೆಂದೋ ಕೇಳದಿರಲೆಂದೋ ತಿಳಿಯದ ಸಣ್ಣ ದನಿಯಲ್ಲಿ, ಹೊರಗೆ ಬಂದಿತು: “ಆಶ್ರಮಕ್ಕ ಹಾಕಿ ಕೊಂದ್ರು, ಪಾಪ.”

ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನು ನಾನು. ಒಂದು ವಾಕ್ಯವನ್ನು ಕೈಗೆತ್ತಿಕೊಂಡು ಅದರ ಕರ್ತೃ ಯಾರು, ಕರ್ಮ ಯಾವುದು ಎಂದು ಬಿಡಿಸುವುದು ನನಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ. ಆ ವಾಕ್ಯದಲ್ಲಿ ಕರ್ತೃಪದವಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಅಂದಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಅದು ನಿಜವೇ? ವೃದ್ಧಾಶ್ರಮಕ್ಕೆ ಸೇರಿದ ಮುದಿಜೀವದ ಆಯುಷ್ಯ ಸೇರಿದ ಕಾರಣದಿಂದಲೇ ಕಡಿಮೆಯಾಗುತ್ತದೆಯೇ? ಸಿಟ್ಟಿನಿಂದಲೂ ಅಲ್ಲದೆ, ಸಮಾಧಾನಕ್ಕಾಗಿಯೂ ಅಲ್ಲದೆ, ಇದಕ್ಕೆ ಉತ್ತರ ಹುಡುಕಲು ನಾನು ಪಟ್ಟ ಪ್ರಯತ್ನದ ವರದಿಯೇ ಇಂದಿನ ಭಾಷಣ.

ಮೊದಲು ನಮ್ಮ ಸೀಮೆಯ ಮಾತು. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯನ್ನು ಬಲ್ಲವರಿಗೆ ಅಲ್ಲಿಯ ಊರುಗಳ ಇಂದಿನ ಚಿತ್ರವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಮಣ್ಣಿನ ಮಾಳಿಗೆಯ ಮನೆಗಳು. ಐದು ಮನೆಗಳಲ್ಲಿ ಎರಡಕ್ಕೆ ಕೀಲಿ. ಮೂರನೆಯದರ ಕಟ್ಟೆಯ ಮೇಲೆ ಒಬ್ಬ ಮುದುಕ ಅಥವಾ ಒಬ್ಬ ಮುದುಕಿ. ಮಕ್ಕಳು ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ಹೊಲ ಲಾವಣಿಗೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ. ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು, ಅವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಜನ ಹಳ್ಳಿಗಳಲ್ಲಿಯೇ ಇದ್ದವರು. ಇವು ಹಳೆಯ ಅಂಕಿಗಳು. ಮುಪ್ಪು ಅಲ್ಲಿಗೇ ನಿಂತಿಲ್ಲ. ಸಂಧ್ಯಾ ಸುರಕ್ಷೆಯ ಪಿಂಚಣಿ ಬರುತ್ತದೆ, ಪಡಿತರ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಬರುವವರು ಯಾರು ಎಂಬುದು ಮಾತ್ರ ಯಾವ ಯೋಜನೆಯಲ್ಲಿಯೂ ಇಲ್ಲ.

ನನ್ನ ದೊಡ್ಡವ್ವ ಅಂಥ ಒಂದು ಕಟ್ಟೆಯ ಮೇಲಿನ ಜೀವ. ನನಗೆ ಏಳು ವರ್ಷವಾಗಿದ್ದಾಗ ತಾಯಿ ಹೋದಳು, ಬೆಳೆಸಿದವಳು ಈಕೆ. ಸ್ವಂತ ಮಕ್ಕಳಿಲ್ಲ. ದೊಡ್ಡಪ್ಪ ತೀರಿದ ಮೇಲೆ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಎಂಬತ್ತನಾಲ್ಕನೆಯ ವರ್ಷದಲ್ಲಿಯೂ ತನ್ನ ರೊಟ್ಟಿಯನ್ನು ತಾನೇ ಬಡಿದುಕೊಳ್ಳುತ್ತಿದ್ದಳು. ಕಣ್ಣು ಮಂಜಾಗಿತ್ತು, ಮೊಣಕಾಲು ಹಿಡಿದಿದ್ದವು. ಒಮ್ಮೆ ಒಲೆಯ ಮುಂದೆ ಸೆರಗಿಗೆ ಕಿಡಿ ತಗುಲಿ ನೆರೆಯವರು ಓಡಿ ಬಂದು ನಂದಿಸಿದರು. ಆ ಸುದ್ದಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಧಾರವಾಡದಲ್ಲಿ ನಮ್ಮದು ಮೂರನೆಯ ಅಂತಸ್ತಿನ ಮನೆ, ಲಿಫ್ಟ್ ಇಲ್ಲ. ನನ್ನ ಹೆಂಡತಿಯ ಆರೋಗ್ಯವೂ ಸರಿಯಿರಲಿಲ್ಲ. ಇವೆಲ್ಲ ನಿಜವಾದ ಕಾರಣಗಳು. ಆದರೂ ಕಾರಣಗಳನ್ನು ಇಷ್ಟು ಒಪ್ಪವಾಗಿ ಜೋಡಿಸಿ ಹೇಳುವಾಗ ನನ್ನ ದನಿ ನನಗೇ ಅನ್ಯವಾಗಿ ಕೇಳಿಸುತ್ತದೆ.

ಪಟ್ಟಣವೊಂದರ ಆಶ್ರಮದಲ್ಲಿ ಸ್ಥಳ ದೊರೆಯಿತು. ಹೆಸರು ಬೇಡ. ಅವರ ಮೇಲೆ ನನ್ನ ದೂರೇನೂ ಇಲ್ಲ. ಸ್ವಚ್ಛವಾದ ಸ್ಥಳ, ಹೊತ್ತಿಗೆ ಸರಿಯಾಗಿ ಊಟ, ವಾರಕ್ಕೊಮ್ಮೆ ಡಾಕ್ಟರು. ದೀಪಾವಳಿ ಮುಗಿದ ವಾರ, 2016ರ ನವೆಂಬರ್ 6ರಂದು, ಅವಳನ್ನು ಕರೆದೊಯ್ಯುವುದೆಂದು ಗೊತ್ತುಮಾಡಿದೆ. ದೊಡ್ಡವ್ವ ಬರುವುದಿಲ್ಲವೆನ್ನಲಿಲ್ಲ. ಒಂದೇ ಮಾತು ಕೇಳಿದಳು: “ಎಳ್ಳಮಾಸಿ ಚರಗಾ ಮುಗಿಸಿಕೊಂಡು ಹೋಗ್ತೀನಿ ತಮ್ಮಾ. ಎರಡು ತಿಂಗಳಾ ಐತಿ.”

ಚರಗವೆಂದರೇನೆಂದು ನಮ್ಮ ಭಾಗದ ಕೇಳುಗರಿಗೆ ಗೊತ್ತು. ದಕ್ಷಿಣದವರಿಗಾಗಿ ಎರಡು ಮಾತು. ಹಿಂಗಾರಿ ಜೋಳ ತೆನೆಗೆ ಬರುವ ಹೊತ್ತಿಗೆ, ಎಳ್ಳಮಾವಾಸ್ಯೆಯ ದಿನ, ಸಜ್ಜಿ ರೊಟ್ಟಿ, ಎಣಗಾಯಿ ಪಲ್ಯ, ಕಡುಬು, ಹೋಳಿಗೆಗಳನ್ನು ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗಿ, ಬನ್ನಿಯ ಗಿಡದ ಕೆಳಗೆ ಪೂಜೆ ಮಾಡಿ, ಹೊಲದ ತುಂಬ ಎಡೆಯನ್ನು ಚೆಲ್ಲುತ್ತ ಕೂಗುತ್ತ ಹೋಗುವ ಹಬ್ಬ. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ. ದೊಡ್ಡವ್ವ ಅರವತ್ತೈದು ವರ್ಷ ಆ ಹೊಲಕ್ಕೆ ಚರಗ ಚೆಲ್ಲಿದವಳು. ಆ ವರ್ಷ ಹಿಂಗಾರಿ ಮಳೆ ಕೈಕೊಟ್ಟಿತ್ತು, ಜೋಳ ಮೊಣಕಾಲೆತ್ತರಕ್ಕೂ ಬಂದಿರಲಿಲ್ಲ. ಅದನ್ನೇ ನಾನು ವಾದವಾಗಿ ಬಳಸಿದೆ. ಆಶ್ರಮದಲ್ಲಿ ಸ್ಥಳ ಕಾಯ್ದಿಡುವುದಿಲ್ಲ, ಮುಂಗಡ ಕೊಟ್ಟಾಗಿದೆ ಎಂದೂ ಹೇಳಿದೆ. ಅವಳು ಮತ್ತೆ ಕೇಳಲಿಲ್ಲ. ಮನೆಗೆ ಕೀಲಿ ಹಾಕಿ, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕಾರು ಹತ್ತಿದಳು.

ಎರಡು ದಿನಗಳಲ್ಲಿ ಐನೂರು, ಸಾವಿರದ ನೋಟುಗಳು ರದ್ದಾದವು. ಪ್ರತಿ ರವಿವಾರ ಬರುತ್ತೇನೆಂದು ಮಾತು ಕೊಟ್ಟಿದ್ದವನು ಮೊದಲ ಎರಡು ವಾರ ಬ್ಯಾಂಕಿನ ಸಾಲಿನಲ್ಲಿ ನಿಂತೆ. ಆಮೇಲೆ ಪರೀಕ್ಷೆ, ಉತ್ತರಪತ್ರಿಕೆ. ಹನ್ನೊಂದು ವಾರಗಳಲ್ಲಿ ಐದು ಸಲ ಹೋಗಿದ್ದೆ. ಡಿಸೆಂಬರ್ ಕೊನೆಯಲ್ಲಿ ಮೇಲ್ವಿಚಾರಕರು ಫೋನು ಮಾಡಿದರು: “ಸರ್, ನಿಮ್ಮ ದೊಡ್ಡವ್ವನಿಗೆ ಸ್ವಲ್ಪ ಅರಳುಮರಳು ಶುರುವಾದಂತಿದೆ. ಊಟದ ರೊಟ್ಟಿ ಮುರಿದು ಹೂವಿನ ಕುಂಡಗಳಿಗೆಲ್ಲ ಎಸೆಯುತ್ತ ಏನೋ ಕೂಗುತ್ತಿದ್ದರು.” ನಾನೂ ನಂಬಿದೆ. ಜನವರಿ 11ರ ರಾತ್ರಿ ಬಚ್ಚಲಿಗೆಂದು ಎದ್ದವಳು ಬಿದ್ದಳು. ತೊಡೆಯ ಸಂದಿನ ಎಲುಬು ಮುರಿಯಿತು. ದವಾಖಾನೆಯಲ್ಲಿ ಪುಪ್ಪುಸಕ್ಕೆ ಕಫ ಇಳಿಯಿತು. ಜನವರಿ 23ರಂದು, ಆಶ್ರಮ ಸೇರಿದ ಎಪ್ಪತ್ತೆಂಟನೆಯ ದಿನ, ಹೋದಳು.

ಇದಿಷ್ಟು ಮೊಕದ್ದಮೆ. ಇನ್ನು ಸಾಕ್ಷಿಗಳ ವಿಚಾರಣೆ.

ಈ ವಿಷಯದಲ್ಲಿ ಹೊರದೇಶಗಳಲ್ಲಿ ಅರವತ್ತು ವರ್ಷಗಳಿಂದ ಶೋಧ ನಡೆದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ವೈದ್ಯ. ಅವನು ತಂದುಕೊಟ್ಟ ಲೇಖನಗಳನ್ನು ನಿಘಂಟು ಹಿಡಿದು ಓದಿದೆ. ಓದುವಾಗ ಮೊದಲು ಕಲಿತದ್ದು ಒಂದು ಎಚ್ಚರ. ಮನೆಯಲ್ಲಿರುವ ವೃದ್ಧರಿಗಿಂತ ಆಶ್ರಮದ ವೃದ್ಧರು ಬೇಗ ಸಾಯುತ್ತಾರೆಂಬುದು ಎಣಿಕೆಯಲ್ಲಿ ಕಾಣುತ್ತದೆ. ಆದರೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಸಾಯುವವರ ಸಂಖ್ಯೆ ನವಲಗುಂದದ ಸಂತೆಯಲ್ಲಿ ಸಾಯುವವರಿಗಿಂತ ಹೆಚ್ಚು. ಹಾಗೆಂದು ರೋಗಿಯನ್ನು ಸಂತೆಗೆ ಒಯ್ಯುತ್ತೇವೆಯೇ? ಯಾರು ಅಲ್ಲಿಗೆ ಹೋಗುತ್ತಾರೆಂಬುದನ್ನು ಬಿಟ್ಟು, ಅಲ್ಲಿ ಏನಾಗುತ್ತದೆಂಬುದನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಂತೆ, ಅಲ್ಲಿಯ ಶುಶ್ರೂಷಾಗೃಹಗಳಲ್ಲಿ ಕೊನೆಯುಸಿರೆಳೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸೇರಿದ ಆರು ತಿಂಗಳೊಳಗೇ ತೀರಿಕೊಂಡಿದ್ದರು. ಓದಿ ಎದೆ ಝಲ್ಲೆಂದಿತು. ಎರಡನೆಯ ಸಲ ಓದಿದಾಗ ತಿಳಿಯಿತು: ಇದು ಅಲ್ಲಿ ಸತ್ತವರ ಲೆಕ್ಕ, ಸೇರಿದವರೆಲ್ಲರ ಲೆಕ್ಕವಲ್ಲ, ಅಲ್ಲದೆ ಅಲ್ಲಿಗೆ ಸೇರುವವರು ಬಹುಮಟ್ಟಿಗೆ ಹಾಸಿಗೆ ಹಿಡಿದವರು.

ನಮ್ಮಲ್ಲಿ ಇದು ತಲೆಕೆಳಗು. ನಮ್ಮ ಬಹುತೇಕ ವೃದ್ಧಾಶ್ರಮಗಳು ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳಬಲ್ಲ, ಓಡಾಡಬಲ್ಲ ವೃದ್ಧರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹಾಸಿಗೆ ಹಿಡಿದ ಕೂಡಲೇ ಮಕ್ಕಳಿಗೆ ಫೋನು ಹೋಗುತ್ತದೆ, “ಕರೆದುಕೊಂಡು ಹೋಗಿ” ಎಂದು. ಸಾಯುವುದು ದವಾಖಾನೆಯಲ್ಲಿ, ಇಲ್ಲವೆ ಮಗಳ ಮನೆಯಲ್ಲಿ. ಹೀಗಾಗಿ ಆಶ್ರಮದ ದಾಖಲೆ ಪುಸ್ತಕದಲ್ಲಿ ಸಾವು ಕಡಿಮೆ. ನನ್ನ ದೊಡ್ಡವ್ವನ ಸಾವೂ ಅಲ್ಲಿಯ ಪುಸ್ತಕದಲ್ಲಿಲ್ಲ. ಅಲ್ಲಿ ಅವಳು “ಬಿಟ್ಟು ಹೋದವಳು”. ಅಂಕಿಸಂಖ್ಯೆಗಳೂ ಕಾವ್ಯದಂತೆಯೇ, ಏನನ್ನು ಹೇಳದೆ ಬಿಟ್ಟಿವೆಯೆಂಬುದನ್ನು ಕೇಳಿ ಓದಬೇಕು.

ಹಾಗಾದರೆ ರೋಗವನ್ನೂ ವಯಸ್ಸನ್ನೂ ಬದಿಗಿಟ್ಟು, ಸ್ಥಳ ಬದಲಾದ ಒಂದೇ ಕಾರಣಕ್ಕೆ ಜೀವ ಹೋಗುತ್ತದೆಯೇ ಎಂಬುದನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ಅನಾಯಾಸವಾಗಿ ಒಂದು ಸಂದರ್ಭ ಒದಗಿತು. ಅಮೆರಿಕೆಯ ಷಿಕಾಗೋ ನಗರದಲ್ಲಿ ದೀರ್ಘರೋಗಿಗಳ, ವೃದ್ಧರ ಒಂದು ಗೃಹವನ್ನು ಮುಚ್ಚಬೇಕಾಗಿ ಬಂದು, ಅಲ್ಲಿದ್ದವರೆಲ್ಲರನ್ನೂ ಬೇರೆಡೆಗೆ ಸಾಗಿಸಿದರು. ರೋಗ ಹೆಚ್ಚಿದ್ದರಿಂದ ಸಾಗಿಸಿದ್ದಲ್ಲ, ಆಡಳಿತದ ಕಾರಣಕ್ಕೆ. ಆಲ್ಡ್ರಿಚ್ ಮತ್ತು ಮೆಂಡ್ಕಾಫ್ ಎಂಬಿಬ್ಬರು ಅವರನ್ನೆಲ್ಲ ಹಿಂಬಾಲಿಸಿ ನೋಡಿ 1963ರಲ್ಲಿ ಬರೆದರು: ಹಿಂದಿನ ವರ್ಷಗಳ ಲೆಕ್ಕದಿಂದ ನಿರೀಕ್ಷಿಸಬಹುದಾಗಿದ್ದಕ್ಕಿಂತ ಸಾವುಗಳು ಬಹಳ ಹೆಚ್ಚು, ಅವುಗಳಲ್ಲಿಯೂ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ನನ್ನ ಎಪ್ಪತ್ತೆಂಟು ದಿನಗಳು ಆ ಮೂರು ತಿಂಗಳೊಳಗೆ ಬರುತ್ತವೆ.

ಅದೇ ಬರಹದಲ್ಲಿ ಇನ್ನೊಂದು ಮಾತಿದೆ. ಸ್ಥಳ ಬದಲಾಯಿತೆಂದು ಸಿಟ್ಟಾದವರು, ಇಲ್ಲವೆ ಬಂದದ್ದು ಬರಲಿ ಎಂದು ಸ್ವೀಕರಿಸಿದವರು ಒಂದು ಮಟ್ಟಿಗೆ ಉಳಿದುಕೊಂಡರು. ಕುಗ್ಗಿ ಮೂಲೆ ಸೇರಿದವರು, ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಬೇಗ ಹೋದರು. ಇದನ್ನು ಓದಿದಾಗ ನನಗೆ ಅನ್ನಿಸಿತು, ದೊಡ್ಡವ್ವ ಆ ದಿನ ನನ್ನನ್ನು ಬಯ್ದಿದ್ದರೆ! ಬಯ್ಯುವುದರಲ್ಲಿ ಆಕೆ ಊರಿಗೇ ಪ್ರಸಿದ್ಧಳು. ಓಣಿಯ ಹುಡುಗರು ಅವಳ ನಾಲಿಗೆಗೆ ಹೆದರಿ ನಮ್ಮ ಪೇರಲಗಿಡದ ಕಡೆ ಸುಳಿಯುತ್ತಿರಲಿಲ್ಲ. ಆ ದಿನ ಮಾತ್ರ ಅವಳು ಸುಮ್ಮನೆ ಕಾರು ಹತ್ತಿದಳು.

ನ್ಯಾಯವಾಗಿ ಹೇಳಬೇಕೆಂದರೆ, ಅನಂತರದ ಅಧ್ಯಯನಗಳೆಲ್ಲ ಇದೇ ಫಲವನ್ನು ಕಾಣಲಿಲ್ಲ. ಎಪ್ಪತ್ತರ ದಶಕದಲ್ಲಿ ಇಂಥವೇ ಸ್ಥಳಾಂತರಗಳನ್ನು ನೋಡಿದ ಕೆಲವರಿಗೆ ಸಾವು ಹೆಚ್ಚಿದ್ದು ಕಾಣಲಿಲ್ಲ. ವೃದ್ಧರಿಗೆ ಮೊದಲೇ ತಿಳಿಸಿ, ಹೊಸ ಸ್ಥಳವನ್ನು ಒಂದೆರಡು ಸಲ ತೋರಿಸಿ, ಪರಿಚಿತರನ್ನು ಜೊತೆಗಿಟ್ಟು ಸಾಗಿಸಿದಾಗ ಅಪಾಯ ಕಡಿಮೆಯೆಂದು ವಿದ್ವಾಂಸರು ಅಭಿಪ್ರಾಯಪಟ್ಟರು. ಕುಂದಗೋಳದ ಕಡೆಯ ಮೆಣಸಿನಕಾಯಿ ಬೆಳೆಗಾರರೊಬ್ಬರಿಗೆ ನಾನು ಇದನ್ನು ವಿವರಿಸಹೋದಾಗ ಅವರು ನಕ್ಕುಬಿಟ್ಟರು: “ಸಸಿ ಕೀಳೂ ಮುಂದ ಬೇರಿನ ಮಣ್ಣು ಉದುರಬಾರದ್ರಿ ಸರ. ಸಂಜೀ ಮುಂದ ನಡಬೇಕು. ಇದಕ್ಕ ಅಮೇರಿಕಾಕ್ಕ ಯಾಕ ಹೋಗಬೇಕ್ರಿ?”

ಇನ್ನೊಂದು ಪ್ರಯೋಗ ಇದಕ್ಕಿಂತ ಪ್ರಸಿದ್ಧವಾದದ್ದು. ಲ್ಯಾಂಗರ್ ಮತ್ತು ರೋಡಿನ್ ಎಂಬಿಬ್ಬರು ಮಹಿಳಾ ಮನಶ್ಶಾಸ್ತ್ರಜ್ಞರು ಅಮೆರಿಕೆಯ ಕನೆಟಿಕಟ್ ರಾಜ್ಯದ ಒಂದು ಶುಶ್ರೂಷಾಗೃಹದಲ್ಲಿ ಇದನ್ನು ನಡೆಸಿ 1976ರಲ್ಲಿ ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ ವ್ಯವಸ್ಥಾಪಕರು ಹೇಳಿದರು: ನಿಮ್ಮ ಕೋಣೆ ಹೇಗಿರಬೇಕು, ಸಿನೆಮಾ ಯಾವ ರಾತ್ರಿ ನೋಡಬೇಕು ಎಂಬುದನ್ನು ನೀವೇ ನಿರ್ಧರಿಸಿ, ಈ ಸಸಿಗಳಲ್ಲಿ ಒಂದನ್ನು ಆರಿಸಿಕೊಂಡು ನೀರು ಹಾಕಿ ಬೆಳೆಸಿ. ಮತ್ತೊಂದು ಅಂತಸ್ತಿನವರಿಗೂ ಸಸಿ ಕೊಟ್ಟರು. ಆದರೆ ನೀರು ಹಾಕುವವರು ದಾದಿಯರು, ನಿಮ್ಮ ಸುಖವೆಲ್ಲ ನಮ್ಮ ಹೊಣೆ ಎಂದರು. ಊಟ, ಔಷಧಿ, ಆರೈಕೆಗಳಲ್ಲಿ ಭೇದವಿರಲಿಲ್ಲ. ಹದಿನೆಂಟು ತಿಂಗಳ ಮೇಲೆ ಬಂದು ನೋಡಿದಾಗ, ಸಸಿಗೆ ತಾವೇ ನೀರು ಹಾಕಿದ 47 ಜನರಲ್ಲಿ 7 ಜನ ತೀರಿಕೊಂಡಿದ್ದರು. ಎಲ್ಲವನ್ನೂ ಇತರರಿಂದ ಮಾಡಿಸಿಕೊಂಡ 44 ಜನರಲ್ಲಿ 13 ಜನ.

ತೊಂಬತ್ತೊಂದು ಜನರ ಲೆಕ್ಕ ಸಣ್ಣದು, ಅದರ ಮೇಲೆ ಇಷ್ಟು ದೊಡ್ಡ ತೀರ್ಮಾನದ ಭಾರ ಹೇರಬಾರದು ಎಂದು ಆಕ್ಷೇಪಿಸಿದವರಿದ್ದಾರೆ. ಆ ಆಕ್ಷೇಪ ಸರಿಯಾದದ್ದೇ. ಆದರೂ ಈ ಭಾಗವನ್ನು ಓದಿದ ರಾತ್ರಿ ನಾನು ಕಪಾಟಿನಿಂದ 2016ರ ಪಂಚಾಂಗವನ್ನು ಹುಡುಕಿ ತೆಗೆದೆ. ಮೇಲ್ವಿಚಾರಕರು ಫೋನು ಮಾಡಿದ ದಿನ ಯಾವುದೆಂದು ಹಳೆಯ ಡೈರಿಯಲ್ಲಿ ನೋಡಿದೆ. ಎಳ್ಳಮಾವಾಸ್ಯೆಯ ಮರುದಿನ. ಅರಳುಮರಳೆಂದು ನಾವಿಬ್ಬರೂ ಒಪ್ಪಿಕೊಂಡದ್ದು ಏನೆಂಬುದು ಮೂರು ವರ್ಷ ತಡವಾಗಿ, ಕನೆಟಿಕಟ್ಟಿನ ಸುತ್ತುದಾರಿಯಿಂದ, ನನಗೆ ಅರ್ಥವಾಯಿತು. ಎಂಬತ್ತನಾಲ್ಕು ವರ್ಷದ ಮುದುಕಿ ತಿಥಿಯನ್ನು ತಪ್ಪದೆ ಎಣಿಸಿಟ್ಟುಕೊಂಡಿದ್ದಳು. ಆ ಆಶ್ರಮದಲ್ಲಿ ಮಣ್ಣು ಇದ್ದದ್ದು ಹೂವಿನ ಕುಂಡಗಳಲ್ಲಿ ಮಾತ್ರ.

ಭೇಟಿಗೆ ಬರುವವರ ವಿಷಯವಾಗಿಯೂ ಒಂದು ಶೋಧವುಂಟು. ಷುಲ್ಜ್ ಎಂಬಾತ 1976ರಲ್ಲಿ ಪ್ರಕಟಿಸಿದ್ದು. ಕಾಲೇಜಿನ ಹುಡುಗರು ವೃದ್ಧರನ್ನು ನೋಡಲು ಹೋಗುವ ಏರ್ಪಾಡು. ಯಾವಾಗ ಬರುತ್ತಾರೆಂದು ಮೊದಲೇ ಗೊತ್ತಿದ್ದ ವೃದ್ಧರು, ಬರುವ ಹೊತ್ತನ್ನು ತಾವೇ ಗೊತ್ತುಮಾಡಿದ ವೃದ್ಧರು ಗೆಲುವಾದರು. ಪ್ರಯೋಗ ಮುಗಿಯಿತು, ಹುಡುಗರು ಬರುವುದು ನಿಂತಿತು. ಕೆಲ ಕಾಲದ ಮೇಲೆ ನೋಡಿದರೆ, ಗೆಲುವಾಗಿದ್ದವರೇ ಉಳಿದವರಿಗಿಂತ ಹೆಚ್ಚು ಕುಸಿದಿದ್ದರು. ಕೊಟ್ಟು ಕಸಿದುಕೊಳ್ಳುವುದು ಕೊಡದಿರುವುದಕ್ಕಿಂತ ಕೆಟ್ಟದ್ದಾಗಿ ಪರಿಣಮಿಸಿತು. ರವಿವಾರ ರವಿವಾರ ಬೆಳಿಗ್ಗೆ ಹತ್ತು ಗಂಟೆಯಿಂದ ದೊಡ್ಡವ್ವ ಗೇಟಿನ ಬಳಿಯ ಬೆಂಚಿನ ಮೇಲೆ ಕುಳಿತಿರುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಹನ್ನೊಂದು ರವಿವಾರಗಳು, ನಾನು ಹೋದದ್ದು ಐದು.

ಇಷ್ಟರಿಂದ, ಮನಸ್ಸು ಮುರಿದೇ ಮುದುಕರು ಸಾಯುತ್ತಾರೆಂದು ಹೇಳಿ ಮುಗಿಸಿದರೆ ಅದು ಕವಿತೆಯಾದೀತು, ಪೂರ್ಣ ಸತ್ಯವಾಗದು. ಮನಸ್ಸಿನಿಂದ ಮೈಗೆ ಇಳಿಯುವ ದಾರಿಗಳು ತೀರ ಸಾಮಾನ್ಯವಾದವು. ಹೊಸ ಕೈಯ ಅಡಿಗೆ ಸೇರುವುದಿಲ್ಲ, ತೂಕ ಇಳಿಯುತ್ತದೆ. ಬಚ್ಚಲಿಗೆ ಮತ್ತೆ ಮತ್ತೆ ಯಾರನ್ನು ಕರೆಯುವುದೆಂಬ ಸಂಕೋಚದಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಒಣಗಿದ ಮೈಗೆ ತಲೆಸುತ್ತು, ಭ್ರಮೆ, ಮೂತ್ರದ ಸೋಂಕು. ಒಂದೇ ಸೂರಿನಡಿ ಬಹಳ ಮುದಿಜೀವಗಳಿದ್ದಾಗ ಒಬ್ಬರ ಕೆಮ್ಮು ಎಲ್ಲರದಾಗುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಯುರೋಪು, ಅಮೆರಿಕೆಗಳ ಹಲವು ದೇಶಗಳಲ್ಲಿ ಸತ್ತವರ ಮೂರನೆಯ ಒಂದು ಪಾಲಿಗೂ ಹೆಚ್ಚು ಜನ ಇಂಥ ಗೃಹಗಳ ನಿವಾಸಿಗಳಾಗಿದ್ದರು. ಇನ್ನು ಬೀಳುವುದು. ತೊಡೆಯ ಸಂದಿನ ಎಲುಬು ಮುರಿದ ವೃದ್ಧರಲ್ಲಿ ಐವರಿಗೊಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆಂದು ಅನೇಕ ದೇಶಗಳ ಲೆಕ್ಕ ಹೇಳುತ್ತದೆ. ದೊಡ್ಡವ್ವ ಊರ ಮನೆಯಲ್ಲಿ ಅರವತ್ತೈದು ವರ್ಷ ಕತ್ತಲಲ್ಲಿಯೇ ಎದ್ದು, ಗೋಡೆ ಮುಟ್ಟುತ್ತ, ಎಡಕ್ಕೆ ತಿರುಗಿ, ಹಿತ್ತಲ ಬಾಗಿಲಿಗೆ ಹೋಗುತ್ತಿದ್ದಳು. ಆ ಜನವರಿಯ ರಾತ್ರಿಯೂ ಎದ್ದು ಎಡಕ್ಕೇ ತಿರುಗಿದಳು. ಅಲ್ಲಿ ಎಡಕ್ಕೆ ಮೆಟ್ಟಿಲಿತ್ತು.

ಇನ್ನು ಎದುರು ಪಕ್ಷದ ಸಾಕ್ಷಿ. ಅದೇ ಆಶ್ರಮದಲ್ಲಿ ಕುಂದಗೋಳ ತಾಲೂಕಿನ ಹಿರಿಯರೊಬ್ಬರಿದ್ದರು. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತಕ್ಕೆ ಕುಂದಗೋಳದ ನಾಡಿಗೇರ ವಾಡೆಗೆ ವರ್ಷವೂ ತಪ್ಪದೆ ಹೋಗಿ ರಾತ್ರಿಯಿಡೀ ಕುಳಿತು ಕೇಳಿದವರು. ಹೆಂಡತಿ ಹೋದ ಮೇಲೆ ಮಗನ ಮನೆಯಲ್ಲಿ ಎರಡು ಹೊತ್ತಿನ ಊಟಕ್ಕೂ ಮುಖ ನೋಡಬೇಕಾದ ಸ್ಥಿತಿ. ರಕ್ತದೊತ್ತಡದ ಗುಳಿಗೆ ತಿಂಗಳಿನಲ್ಲಿ ಹದಿನೈದು ದಿನ ಇರುತ್ತಿರಲಿಲ್ಲ. ತಾವೇ ಮೂರು ಆಶ್ರಮಗಳನ್ನು ನೋಡಿ, ಒಂದನ್ನು ಆರಿಸಿ, ರೇಡಿಯೋ ಮತ್ತು ಕೊಡೆಯೊಂದಿಗೆ ಬಂದು ಸೇರಿದರು. ಅಲ್ಲಿ ಎಂಟು ವರ್ಷ ಬದುಕಿದರು. ಆ ಎಂಟು ವರ್ಷ ಮಗನ ಮನೆಯಲ್ಲಿ ದೊರೆಯುತ್ತಿರಲಿಲ್ಲವೆಂದು ಅವರೇ ನನಗೆ ಹೇಳಿದ್ದಾರೆ. ಗೇಟಿನ ಬೆಂಚಿನ ವಿಷಯ ಹೇಳಿದವರೂ ಅವರೇ. “ನಿಮ್ಮ ದೊಡ್ಡವ್ವ ಭಾಳ ಘನವಂತಿ. ಆದರ ಕೀಲೀ ಕೈ ಸೆರಗಿನ್ಯಾಗ ಹಿಡಕೊಂಡ ಕೂತಿದ್ಲು. ನಾ ಕೀಲಿ ಮಗನ ಕೈಯಾಗ ಕೊಟ್ಟು ಬಂದಿದ್ದೆ” ಎಂದರು.

ಕಲಘಟಗಿಯ ಕಡೆಯಿಂದಲೂ ಒಂದು ಸಂಗತಿ. ಅದು ಎರೆಸೀಮೆಯಲ್ಲ, ಮಲೆನಾಡಿನ ಸೆರಗು. ಭತ್ತದ ಗದ್ದೆ, ಕಾಡು, ಒಂದಕ್ಕೊಂದು ದೂರವಾದ ಮನೆಗಳು. ಅರಗಿನ ಬಣ್ಣ ಹಚ್ಚಿದ ಅಲ್ಲಿಯ ತೊಟ್ಟಿಲುಗಳು ಊರೂರಿಗೆ ಹೋಗುತ್ತವೆ. ಅಂಥ ತೊಟ್ಟಿಲೊಂದನ್ನು ಅಟ್ಟಕ್ಕೇರಿಸಿಟ್ಟ ಮನೆಯಲ್ಲಿ ಒಬ್ಬ ಮುದುಕಿ ಒಂಟಿಯಾಗಿದ್ದಳು. ಎರಡು ದಿನ ಒಲೆಯ ಹೊಗೆ ಕಾಣಲಿಲ್ಲವೆಂದು ಮೂರನೆಯ ದಿನ ದನ ಕಾಯುವ ಹುಡುಗ ಬಾಗಿಲು ತಟ್ಟಿದ. ಸ್ವಂತ ಮನೆಯಲ್ಲಿ, ಸ್ವಂತ ಚಾಪೆಯ ಮೇಲೆ ಹೋದಳು, ಪುಣ್ಯವಂತೆ ಎಂದರು. ಮನೆಯೇ ಕೊಂದಿತೆಂದು ಯಾರೂ ಅನ್ನಲಿಲ್ಲ. ಹಾಗೆ ಅನ್ನಬಾರದೇಕೆ? ಒಂಟಿತನವೂ ಕೊಲ್ಲುತ್ತದೆ. 2010ರಲ್ಲಿ ಹೊರಬಂದ ಒಂದು ದೊಡ್ಡ ಸಮೀಕ್ಷೆ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕ ಜನರ ವಿವರವನ್ನು ಕೂಡಿಸಿ ನೋಡಿತು. ನಾಲ್ಕು ಜನರ ಒಡನಾಟ ಗಟ್ಟಿಯಾಗಿದ್ದವರು ಬದುಕುಳಿಯುವ ಸಂಭವ ಒಂದೂವರೆ ಪಟ್ಟೆಂದು ಕಂಡುಬಂದಿತು. ಆ ನಾಲ್ಕು ಜನ ಮನೆಯವರೇ ಆಗಿರಬೇಕೆಂದು ಅದು ಹೇಳುವುದಿಲ್ಲ.

ಇಲ್ಲಿ ನನ್ನ ಮನಸ್ಸು, ರೂಢಿಯಂತೆ, ಭಾರತಕ್ಕೆ ಹೊರಳುತ್ತದೆ. ಅಣ್ಣಿಗೇರಿಗೆ ಹತ್ತಿರದ ಕೋಳಿವಾಡ ಕುಮಾರವ್ಯಾಸನ ಊರು. ಅವನು ಹತ್ತು ಪರ್ವಗಳಿಗೆ ನಿಲ್ಲಿಸಿದ. ಮುಂದಿನದನ್ನು ತಿಮ್ಮಣ್ಣ ಕವಿ ಪೂರೈಸಿದ. ನಮ್ಮ ಗಮಕಿಗಳು ಅಷ್ಟು ದೂರ ಹೋಗುವುದು ಅಪರೂಪ. ಆದ್ದರಿಂದ ಮುಪ್ಪಿನ ಧೃತರಾಷ್ಟ್ರನ ಕತೆ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ಯುದ್ಧದ ಮೇಲೆ ಹದಿನೈದು ವರ್ಷ ಅವನು ಧರ್ಮರಾಯನ ಆಶ್ರಯದಲ್ಲಿದ್ದ. ಸಕಲ ಉಪಚಾರ, ನಡುನಡುವೆ ಭೀಮನ ಚುಚ್ಚುಮಾತು. ಕೊನೆಗೆ ಕಾಡಿಗೆ ಹೊರಟ. ಹೊರಟ ರೀತಿಯನ್ನು ವ್ಯಾಸರು ಸಾವಕಾಶವಾಗಿ ಹೇಳುತ್ತಾರೆ. ಅಪ್ಪಣೆ ಕೇಳಿದ, ಪ್ರಜೆಗಳನ್ನು ಕರೆಸಿ ಮಾತಾಡಿದ, ಸತ್ತ ಮಕ್ಕಳ ಶ್ರಾದ್ಧ ಮಾಡಿದ, ದಾನ ಕೊಟ್ಟ. ಎಲ್ಲ ಮುಗಿದ ಮೇಲೆ ಕಾರ್ತಿಕದ ಹುಣ್ಣಿಮೆಯಂದು ಮನೆ ಬಿಟ್ಟ. ಕಾಡಿನಲ್ಲಿ ಮೂರು ವರ್ಷ ಬದುಕಿದ. ಕುರುಡನಿಗೆ, ಕಣ್ಣು ಕಟ್ಟಿಕೊಂಡ ಹೆಂಡತಿಯೊಡನೆ, ಅಡವಿಯಲ್ಲಿ ಮೂರು ವರ್ಷವೆಂದರೆ ಕಡಿಮೆಯಲ್ಲ. ಕಾಳ್ಗಿಚ್ಚು ಬಂದಾಗಲೂ ಓಡದೆ ಕುಳಿತದ್ದು ಅವನ ಆಯ್ಕೆಯೇ. ನಾನು ದೊಡ್ಡವ್ವನನ್ನು ಕರೆದೊಯ್ದದ್ದೂ ಕಾರ್ತಿಕದಲ್ಲಿಯೇ. ಅಂಧರಾಜನಿಗೆ ದೊರೆತ ಅವಕಾಶವನ್ನು ಅವಳು ಕೇಳಿದ್ದಳು, ಎರಡು ತಿಂಗಳ ಮಟ್ಟಿಗೆ.

ಕಾಯಿದೆ ಏನು ಹೇಳುತ್ತದೆಂದು ಕೇಳುವವರಿರಬಹುದು. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ 2007ರಲ್ಲಿ ಬಂದಿತು. ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸಾಲುವಂತೆ, ಸರಕಾರ ಸ್ಥಾಪಿಸಬಹುದೆಂದು ಅದರಲ್ಲಿದೆ. ‘ಬಹುದು’ ಎಂಬ ಕ್ರಿಯಾಪದದ ಬಲವೆಷ್ಟೆಂದು ವ್ಯಾಕರಣ ಬಲ್ಲವರಿಗೆ ಹೇಳಬೇಕಾಗಿಲ್ಲ. ಅದಿರಲಿ. ಪಟ್ಟಣದಲ್ಲಿ 150 ಹಾಸಿಗೆಗಳ ಕಟ್ಟಡಕ್ಕಿಂತ ನನ್ನ ಕಣ್ಣಿಗೆ ಬೀಳುವುದು ಹೋಬಳಿಗೊಂದು ಪಡಸಾಲೆ. ಹಗಲೆಲ್ಲ ಅಲ್ಲಿ ಕೂಡಿ ಕುಳಿತು, ಬಿಸಿ ಊಟ ಮಾಡಿ, ದಾದಿಯೊಬ್ಬಳಿಂದ ಒತ್ತಡ ನೋಡಿಸಿಕೊಂಡು, ಸಂಜೆಗೆ ತಮ್ಮ ಕೀಲಿ ತಾವು ತೆಗೆದು ಮನೆ ಸೇರುವ ಏರ್ಪಾಡು. ನಡೆಯಲಾಗದ ದಿನ ಬಂದಾಗ ಅದೇ ಪಡಸಾಲೆಯ ಒಳಕೋಣೆಯಲ್ಲಿ ಹಾಸಿಗೆ. ನವಲಗುಂದದಲ್ಲಿ ಜಮಖಾನೆ ನೇಯುವ ಹೆಂಗಸರು ಮಗ್ಗದ ಮುಂದೆ ಕುಳಿತದ್ದನ್ನು ಕಂಡಿದ್ದೇನೆ. ಹಿರಿಯಳೊಬ್ಬಳು ನೂಲೆಳೆಯುತ್ತಲೇ ಕಿರಿಯರ ತಪ್ಪುಗಳನ್ನು ಗದರಿಸುತ್ತಿದ್ದಳು. ಆ ಗದರಿಕೆಗೆ ಎಡೆಯಿಲ್ಲದ ಸ್ಥಳ ಎಷ್ಟು ಸ್ವಚ್ಛವಾಗಿದ್ದರೂ ಮುಪ್ಪಿಗೆ ತಕ್ಕದ್ದಲ್ಲವೆಂದು ನನ್ನ ಅನಿಸಿಕೆ.

ಮೊಕದ್ದಮೆಗೆ ಮರಳೋಣ. ಆಶ್ರಮ ಕೊಂದಿತೇ? ಆಶ್ರಮ ಕೊಲ್ಲಲಿಲ್ಲವೆಂದೇ ಈಗ ನನ್ನ ತೀರ್ಮಾನ. ಎಂಬತ್ತನಾಲ್ಕು ವಯಸ್ಸಾಗಿತ್ತು; ಊರಿನಲ್ಲಿದ್ದಿದ್ದರೆ ಬೆಂಕಿ ಕೊಲ್ಲಬಹುದಿತ್ತು. ಆದರೆ ದಿನವನ್ನು ನಾನು ಗೊತ್ತುಮಾಡಿದೆ, ಸ್ಥಳವನ್ನು ನಾನು ಆರಿಸಿದೆ, ಮೊದಲೊಮ್ಮೆ ತೋರಿಸಿ ತರಲಿಲ್ಲ, ರವಿವಾರಗಳನ್ನು ಕೊಟ್ಟು ಕಸಿದುಕೊಂಡೆ. ಮೇಲೆ ಹೇಳಿದ ಶೋಧಗಳಲ್ಲಿ ಯಾವ ಯಾವುದನ್ನು ಮಾಡಬಾರದೆಂದಿದೆಯೋ ಅದಷ್ಟನ್ನೂ, ಒಂದನ್ನೂ ಓದದೆಯೇ, ಪ್ರೀತಿಯಿಂದ ಮಾಡಿದ್ದೆ. ಆ ಹೆಂಗಸಿನ ವಾಕ್ಯದಲ್ಲಿ ಕರ್ತೃಪದ ಇಲ್ಲದಿದ್ದದ್ದು ಅವಳ ಸೌಜನ್ಯ.

ಕಳೆದ ವರ್ಷ ಊರಿಗೆ ಹೋಗಿದ್ದಾಗ ಅವಳನ್ನು ಕಂಡೆ. ಈಗ ಅವಳಿಗೂ ಎಪ್ಪತ್ತು ದಾಟಿದೆ. ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ಕುಳಿತು, ನನಗೆ ತಿಳಿದದ್ದನ್ನೆಲ್ಲ ಅವಳಿಗೆ ತಿಳಿಯುವಂತೆ ಹೇಳಿದೆ. ಅವಳ ಆ ಮಾತು ನನಗೆ ಕೇಳಿಸಿತ್ತೆಂದೂ ಹೇಳಿದೆ. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಆ ವರ್ಷ ದೊಡ್ಡವ್ವನ ಚರಗಾ ಯಾರ ಚೆಲ್ಲಿದ್ರೀ ಯಣ್ಣಾ?” ಎಂದು ಕೇಳಿದಳು.

“ಆಕಿನs ಚೆಲ್ಲಿದ್ಲು” ಎಂದೆ. “ಅಲ್ಲೇ. ಹೂವಿನ ಕುಂಡಿಗೋಳಿಗೆ.”

“ಹಂಗಾರ ಛಲೋ ಆತು” ಎಂದು ಅವಳು ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.